ಎಳನೀರಿನ ಪೊಟ್ಯಾಸಿಯಂ ಅಳೆಯಲು ಕ್ರೌನ್ ಈಥರ್ ಎಲೆಕ್ಟ್ರೋಡ್: ಕಟ್ಟುವ ಬಗೆ, ಕೆಟ್ಟರೆ ಹುಡುಕುವ ಬಗೆ

ಎಳನೀರಿನಲ್ಲಿ ಪೊಟ್ಯಾಸಿಯಂ ಲೀಟರಿಗೆ 2 ಗ್ರಾಂ ಆಸುಪಾಸು ಇರುತ್ತದೆ. ಸೋಡಿಯಂ ಅದಕ್ಕಿಂತ ಎಷ್ಟೋ ಕಡಿಮೆ. ಹಾಗಾಗಿ ಮೊದಲ ಸಲ ಪೊಟ್ಯಾಸಿಯಂ ಎಲೆಕ್ಟ್ರೋಡ್ ಕಟ್ಟುವವರಿಗೆ ಇದಕ್ಕಿಂತ ಒಳ್ಳೆಯ ಸ್ಯಾಂಪಲ್ ಇಲ್ಲ. ಬೆಂಗಳೂರಿನಲ್ಲಂತೂ ಯಾವ ಬೀದಿಯಲ್ಲೂ ಸಿಗುತ್ತದೆ. ಇಲ್ಲಿ ವಿವರಿಸಿರುವುದು ಕಾಲೇಜು ಲ್ಯಾಬಿನ ಬೆಂಚಿನ ಮೇಲೆ ಕಟ್ಟಬಹುದಾದ ಎಲೆಕ್ಟ್ರೋಡ್. ಪಿವಿಸಿ ಪೊರೆ, ಅದರೊಳಗೆ ಡೈಬೆನ್ಜೋ-18-ಕ್ರೌನ್-6 ಎಂಬ ಉಂಗುರದ ಅಣು (ಕ್ರೌನ್ ಈಥರ್ ಅಂದರೆ ಇಂಥದ್ದೇ), ಹಿಂದೆ ಸಿಗ್ನಲ್ ಹಿಡಿಯುವ ಒಂದು ಆಪ್-ಆಂಪ್ ಚಿಪ್, ವೋಲ್ಟೇಜನ್ನು ಅಂಕೆಯಾಗಿಸುವ ಒಂದು ಎಡಿಸಿ. ಪೊರೆಯ ಎರಡು ಬದಿಯ ಪೊಟ್ಯಾಸಿಯಂ ಬೇರೆಬೇರೆಯಾದರೆ ಅಲ್ಲಿ ವೋಲ್ಟೇಜ್ ಹುಟ್ಟುತ್ತದೆ, ಅಳೆಯುವುದು ಅದನ್ನೇ. ಪೊರೆ ಎರಕ ಹೊಯ್ಯಲು ಟಿಎಚ್‌ಎಫ್ (ಟೆಟ್ರಾಹೈಡ್ರೋಫ್ಯೂರಾನ್ ಎಂಬ ದ್ರಾವಕ) ಬೇಕು, ಆದ್ದರಿಂದ ಫ್ಯೂಮ್ ಹುಡ್ ಇಲ್ಲದ ಜಾಗದಲ್ಲಿ ಆ ಕೆಲಸ ಬೇಡ.

ಉಂಗುರ ಮಾಡುವ ಕೆಲಸ

18-ಕ್ರೌನ್-6ರ ಉಂಗುರದಲ್ಲಿ 18 ಪರಮಾಣುಗಳು, ಅವುಗಳಲ್ಲಿ 6 ಆಕ್ಸಿಜನ್. ಆಕ್ಸಿಜನ್‌ಗಳೆಲ್ಲ ಒಳಮುಖವಾಗಿ ನಿಂತು ಧನ ಅಯಾನನ್ನು ಹಿಡಿದುಕೊಳ್ಳುತ್ತವೆ. ಹೊರಗಡೆ ಇರುವುದು ಬರೀ ಇಂಗಾಲ, ಹೈಡ್ರೋಜನ್. ಹೀಗಾಗಿ ಉಂಗುರದೊಳಗೆ ಕೂತ ಪೊಟ್ಯಾಸಿಯಂ ಅಯಾನು ಎಣ್ಣೆಯಂಥ ದ್ರಾವಕದೊಳಕ್ಕೂ ಹೋಗಬಲ್ಲದು. ಒಳತೂತಿನ ವ್ಯಾಸ 2.6ರಿಂದ 3.2 ಆಂಗ್‌ಸ್ಟ್ರಾಂ, ಪೊಟ್ಯಾಸಿಯಂ ಅಯಾನಿನ ವ್ಯಾಸ ಸುಮಾರು 2.7. ತೂತಿಗೂ ಅಯಾನಿಗೂ ಅಳತೆ ಕೂಡಿತು, ಆದ್ದರಿಂದ ಹಿಡಿತ ಬಿಗಿ ಎಂದು ಪಠ್ಯಪುಸ್ತಕಗಳು ಹೇಳಿ ಮುಗಿಸುತ್ತವೆ.

ಅಷ್ಟನ್ನೇ ನಂಬಿ ಎಲೆಕ್ಟ್ರೋಡ್ ಕಟ್ಟಲು ಕೂತರೆ ದಾರಿ ತಪ್ಪುತ್ತದೆ. 15-ಕ್ರೌನ್-5ರ ತೂತು ಸೋಡಿಯಂಗೆ ಸರಿಹೊಂದುವ ಅಳತೆಯದು. ಆದರೂ ಮೆಥನಾಲ್‌ನಲ್ಲಿ ಅದರ ಬಂಧನ ಸ್ಥಿರಾಂಕದ ಲಾಗ್ ಬೆಲೆ (ಹೆಚ್ಚಿದಷ್ಟೂ ಹಿಡಿತ ಬಿಗಿ) ಸೋಡಿಯಂಗೆ 3.24, ಪೊಟ್ಯಾಸಿಯಂಗೆ 3.43. 18-ಕ್ರೌನ್-6ರಲ್ಲಿ ಸೋಡಿಯಂಗೆ 4.35, ಪೊಟ್ಯಾಸಿಯಂಗೆ 6.08. ಇನ್ನೂ ದೊಡ್ಡದಾದ 21-ಕ್ರೌನ್-7ರಲ್ಲೂ ಸೋಡಿಯಂಗಿಂತ ಪೊಟ್ಯಾಸಿಯಂಗೇ ಹೆಚ್ಚು. ಕಾರಣ ದ್ರಾವಕದಲ್ಲಿದೆ. ಉಂಗುರಕ್ಕೆ ಬರುವ ಮೊದಲು ಅಯಾನು ತನ್ನ ಸುತ್ತ ಕವಿದ ದ್ರಾವಕದ ಅಣುಗಳನ್ನು ಕಳಚಬೇಕು. ನೀರಿನಲ್ಲಿ ಸೋಡಿಯಂಗೆ ಇದರ ಖರ್ಚು ಮೋಲಿಗೆ ಸುಮಾರು 365 ಕಿಲೋಜೂಲ್, ಪೊಟ್ಯಾಸಿಯಂಗೆ ಸುಮಾರು 295. ಸಣ್ಣ ಅಯಾನು ನೀರನ್ನು ಅಷ್ಟು ಗಟ್ಟಿಯಾಗಿ ಹಿಡಿದಿರುತ್ತದೆ. ಅದೇ ಕಾರಣಕ್ಕೆ 18-ಕ್ರೌನ್-6 ಪೊಟ್ಯಾಸಿಯಂ ಹಿಡಿಯುವ ಬಲ ಮೆಥನಾಲ್‌ನಿಂದ ನೀರಿಗೆ ಬಂದಾಗ ಲಾಗ್ 6ರಿಂದ 2ಕ್ಕೆ, ಅಂದರೆ ಹತ್ತು ಸಾವಿರ ಪಾಲು ಇಳಿಯುತ್ತದೆ. ಉಂಗುರವನ್ನು ನೇರವಾಗಿ ನೀರಿನಲ್ಲಿ ಕದಡದೆ ಎಣ್ಣೆಯಂಥ ಪೊರೆಯಲ್ಲಿ ಕೂರಿಸುವುದು ಇದಕ್ಕೇ. ಮುಂದೆ ಯಾವ ಲವಣ ಬಳಸಬಹುದು, ಯಾವುದು ಕೂಡದು ಎಂಬುದನ್ನೆಲ್ಲ ತೀರ್ಮಾನಿಸುವುದೂ ಇದೇ ಲೆಕ್ಕ.

ಇದೇ ಹಿಡಿತ ಲೋಹವನ್ನೂ ಕರಗಿಸುತ್ತದೆ. ಪೊಟ್ಯಾಸಿಯಂ ಲೋಹದ ತುಂಡು ಟಿಎಚ್‌ಎಫ್‌ನಲ್ಲಿ ಹೆಚ್ಚುಕಡಿಮೆ ಕರಗುವುದೇ ಇಲ್ಲ. 18-ಕ್ರೌನ್-6 ಸೇರಿಸಿದರೆ ದ್ರಾವಣ ಕಡುನೀಲಿಯಾಗುತ್ತದೆ. ಉಂಗುರವು ಪೊಟ್ಯಾಸಿಯಂ ಧನ ಅಯಾನನ್ನು ಎಳೆದುಕೊಂಡಾಗ ಬಿಟ್ಟುಹೋದ ಎಲೆಕ್ಟ್ರಾನ್ ದ್ರಾವಕದಲ್ಲೇ ಉಳಿಯುತ್ತದೆ, ಇಲ್ಲವೇ ಇನ್ನೊಂದು ಪೊಟ್ಯಾಸಿಯಂ ಪರಮಾಣುವಿನ ಮೇಲೆ ಕೂತು ಅದನ್ನು ಋಣ ಅಯಾನು ಮಾಡುತ್ತದೆ. ಮಿಶಿಗನ್ ಸ್ಟೇಟ್ ವಿಶ್ವವಿದ್ಯಾಲಯದ ಜೇಮ್ಸ್ ಡೈ ಅವರ ಗುಂಪು 1974ರಲ್ಲಿ ಇಂಥದ್ದೇ ಹಾದಿಯಲ್ಲಿ, ಕ್ರಿಪ್ಟಾಂಡ್ ಎಂಬ ಪಂಜರದ ಅಣು ಬಳಸಿ, ಋಣ ಸೋಡಿಯಂ ಇರುವ ಹರಳನ್ನು ತೆಗೆದಿತ್ತು. ಆ ಪ್ರಯೋಗಕ್ಕೆ ಗಾಳಿ, ತೇವ ಎರಡೂ ಸೋಕದ ವ್ಯವಸ್ಥೆ ಬೇಕು. ನಮ್ಮ ಬೆಂಚಿಗೆ ಅದು ಸಲ್ಲದು, ಅಯಾನೇ ಸಾಕು.

ಕೊಂಡ ಕ್ರೌನ್ ಸರಿಯಿದೆಯೇ

ತೂಕ ಹಾಕುವ ಮೊದಲು ಪರೀಕ್ಷಿಸಿ. ಡೈಬೆನ್ಜೋ-18-ಕ್ರೌನ್-6 ಬಿಳಿಯ ನಾರುನಾರಾದ ಹರಳು, ಕರಗುವ ಬಿಂದು 162ರಿಂದ 164 ಡಿಗ್ರಿ. 150ರಲ್ಲೇ ಬೆವರತೊಡಗಿದರೆ ಅದರಲ್ಲಿ ಕಲಬೆರಕೆ ಇದೆ. ಇನ್ನೊಂದು ಪರೀಕ್ಷೆ ಇನ್ನೂ ಚೆಂದ. 10 ಮಿಲಿಗ್ರಾಂ ಪುಡಿಯನ್ನು 5 ಮಿಲಿಲೀಟರ್ ಮೆಥನಾಲ್‌ಗೆ ಹಾಕಿ ಕಲಕಿ. ಬಹುಪಾಲು ಕರಗದೆ ತೇಲಾಡುತ್ತದೆ. ಈಗ ಸೋಡಿಯಂ ಹೈಡ್ರಾಕ್ಸೈಡಿನ ಒಂದು ಚೂರು ಸೇರಿಸಿ ಕಲಕುತ್ತಿರಿ. ಹೈಡ್ರಾಕ್ಸೈಡ್ ಕರಗುತ್ತಿದ್ದಂತೆ ಬಿಳಿ ಮೋಡವೂ ತಿಳಿಯಾಗುತ್ತ ಬರುತ್ತದೆ. ಡ್ಯುಪಾಂಟ್ ಕಂಪನಿಯಲ್ಲಿದ್ದ ಚಾರ್ಲ್ಸ್ ಪೆಡರ್ಸನ್ ಕಂಡದ್ದೂ ಇದನ್ನೇ. ಬೇರೇನೋ ಮಾಡಲು ಹೋದ ಕ್ರಿಯೆಯಲ್ಲಿ ಶೇಕಡಾ 0.4ರಷ್ಟು ಮಾತ್ರ ಬಂದ ಉಪ ಉತ್ಪನ್ನವನ್ನು ಚೆಲ್ಲದೆ, ಅದು ಮೆಥನಾಲ್‌ನಲ್ಲಿ ಹೀಗೆ ವರ್ತಿಸುವುದನ್ನು ಅವರು ಬೆನ್ನುಹತ್ತಿದರು. 1967ರಲ್ಲಿ ಪ್ರಬಂಧ ಬಂತು, 1987ರಲ್ಲಿ ಡೊನಾಲ್ಡ್ ಕ್ರಾಮ್ ಮತ್ತು ಜೀನ್-ಮರಿ ಲೆನ್ ಜೊತೆ ನೊಬೆಲ್.

ಬೆನ್ಜೀನ್ ಉಂಗುರಗಳಿಲ್ಲದ ಸಾದಾ 18-ಕ್ರೌನ್-6 ಕೈಗೆ ಸಿಕ್ಕರೆ ಪರೀಕ್ಷೆ ಬೇರೆ. 5 ಮಿಲಿಲೀಟರ್ ಟಾಲುಯೀನ್‌ನಲ್ಲಿ 5 ಮಿಲಿಗ್ರಾಂ ಪುಡಿ ಮಾಡಿದ ಪೊಟ್ಯಾಸಿಯಂ ಪರ್ಮಾಂಗನೇಟ್ ಹಾಕಿ ಕಲಕಿದರೆ ದ್ರವ ಬಣ್ಣವಿಲ್ಲದೇ ಉಳಿಯುತ್ತದೆ. 10 ಮಿಲಿಗ್ರಾಂ ಕ್ರೌನ್ ಸೇರಿಸಿ ಕಲಕಿದರೆ ನೇರಳೆ ಬರುತ್ತದೆ. ಬಣ್ಣ ನೋಡಿ ಅಲ್ಲಿಗೆ ನಿಲ್ಲಿಸಿ. ಹಾಗೇ ಬಿಟ್ಟರೆ ಪರ್ಮಾಂಗನೇಟ್ ಟಾಲುಯೀನನ್ನೇ ಉತ್ಕರ್ಷಿಸುತ್ತ ಕಂದು ಮ್ಯಾಂಗನೀಸ್ ಡೈಆಕ್ಸೈಡ್ ಇಳಿಸುತ್ತದೆ. ಉಳಿದದ್ದು ದ್ರಾವಕ ತ್ಯಾಜ್ಯದ ಬಾಟಲಿಗೆ ಹೋಗಬೇಕು, ಸಿಂಕಿಗಲ್ಲ. ಈ ಕ್ರೌನ್ 40 ಡಿಗ್ರಿ ಆಸುಪಾಸಿನಲ್ಲೇ ಕರಗುತ್ತದೆ, ತೇವ ಹೀರುತ್ತದೆ, ನುಂಗಿದರೆ ವಿಷ. ಪೊರೆಗೆ ಇದು ಒಗ್ಗುವುದೂ ಇಲ್ಲ, ಏಕೆಂದರೆ ನೀರಿನಲ್ಲಿ ಸಲೀಸಾಗಿ ಕರಗಿ ಪೊರೆಯಿಂದ ಸೋರಿಹೋಗುತ್ತದೆ. ಎರಡು ಬೆನ್ಜೀನ್ ಉಂಗುರ ಇರುವುದನ್ನು ಆರಿಸಿದ್ದು ಅದಕ್ಕೇ.

ಪೊರೆ

ಒಂದು ಎರಕಕ್ಕೆ: ಹೆಚ್ಚಿನ ಅಣುತೂಕದ ಪಿವಿಸಿ ಪುಡಿ 66 ಮಿಲಿಗ್ರಾಂ, ಡೈಆಕ್ಟೈಲ್ ಥಾಲೇಟ್ (ಪಿವಿಸಿಯನ್ನು ಮೆದುವಾಗಿಸುವ ಪ್ಲಾಸ್ಟಿಸೈಸರ್) 129 ಮಿಲಿಗ್ರಾಂ, ಡೈಬೆನ್ಜೋ-18-ಕ್ರೌನ್-6 4 ಮಿಲಿಗ್ರಾಂ, ಸೋಡಿಯಂ ಟೆಟ್ರಾಫಿನೈಲ್‌ಬೋರೇಟ್ 1.2 ಮಿಲಿಗ್ರಾಂ, ಟಿಎಚ್‌ಎಫ್ 2 ಮಿಲಿಲೀಟರ್. ಡೈಆಕ್ಟೈಲ್ ಸೆಬಕೇಟ್ ಸಿಕ್ಕರೆ ಥಾಲೇಟ್ ಬದಲು ಅದೇ ಒಳ್ಳೆಯದು.

ಟೆಟ್ರಾಫಿನೈಲ್‌ಬೋರೇಟನ್ನು ಹೆಚ್ಚಿನವರು ಬಿಟ್ಟುಬಿಡುತ್ತಾರೆ. ಬಿಡಬೇಡಿ. ಉಂಗುರಕ್ಕೆ ಸ್ವಂತ ಚಾರ್ಜ್ ಇಲ್ಲ. ಪೊರೆಯೊಳಗೆ ಖಾಯಂ ಆಗಿ ಋಣ ಅಯಾನು ಇರದಿದ್ದರೆ ಪೊಟ್ಯಾಸಿಯಂ ಜೊತೆ ಕ್ಲೋರೈಡ್ ಕೂಡ ಒಳನುಗ್ಗಿ, ಗಾಢ ದ್ರಾವಣಗಳಲ್ಲಿ ಸ್ಲೋಪ್ (ಸಾಂದ್ರತೆ ಹತ್ತು ಪಟ್ಟಾದಾಗ ಏರುವ ಮಿಲಿವೋಲ್ಟ್) ಮಲಗಿಬಿಡುತ್ತದೆ. ಆದರೆ ಅತಿಯಾಗಲೂ ಬಾರದು. 4 ಮಿಲಿಗ್ರಾಂ ಕ್ರೌನ್ ಅಂದರೆ 11 ಮೈಕ್ರೋಮೋಲ್, 1.2 ಮಿಲಿಗ್ರಾಂ ಬೋರೇಟ್ ಅಂದರೆ 3.5 ಮೈಕ್ರೋಮೋಲ್. ಬೋರೇಟ್ ಕ್ರೌನನ್ನು ಮೀರಿದರೆ ಉಂಗುರವಿಲ್ಲದ ಧನ ಅಯಾನುಗಳಿಗೂ ಪೊರೆಯಲ್ಲಿ ಜಾಗ ಸಿಕ್ಕಿ ಆಯ್ಕೆಯ ಗುಣವೇ ಹೋಗುತ್ತದೆ. 1.2 ಮಿಲಿಗ್ರಾಂ ತೂಗುವ ತಕ್ಕಡಿ ಇಲ್ಲದಿದ್ದರೆ 12 ಮಿಲಿಗ್ರಾಂ ತೂಗಿ 10 ಮಿಲಿಲೀಟರ್ ಟಿಎಚ್‌ಎಫ್‌ನಲ್ಲಿ ಕರಗಿಸಿ, ಅದರಲ್ಲಿ 1 ಮಿಲಿಲೀಟರ್ ತೆಗೆದುಕೊಳ್ಳಿ. ಪಿವಿಸಿ ಪೈಪಿನ ತುರಿಯನ್ನು ಪೊರೆಗೆ ಬಳಸುವಂತಿಲ್ಲ. ಅದರಲ್ಲಿ ಸುಣ್ಣದಂಥ ಫಿಲ್ಲರ್, ಸ್ಟೆಬಿಲೈಸರ್ ಎಲ್ಲ ಇರುತ್ತವೆ.

ಗಾಜಿನ ವಯಲ್‌ನಲ್ಲಿ ಮೊದಲು ಪ್ಲಾಸ್ಟಿಸೈಸರ್, ಕ್ರೌನ್, ಬೋರೇಟ್, ಟಿಎಚ್‌ಎಫ್ ಸೇರಿಸಿ ಕರಗಿಸಿ. ಪಿವಿಸಿ ಪುಡಿಯನ್ನು ಕೊನೆಯಲ್ಲಿ, ಕಲಕುತ್ತ, ಸ್ವಲ್ಪಸ್ವಲ್ಪವೇ ಉದುರಿಸಿ. ಒಮ್ಮೆಗೇ ಸುರಿದರೆ ಗಂಟು ಕಟ್ಟಿ ಗಂಟೆಗಟ್ಟಲೆ ಕರಗದು. ದ್ರಾವಣ ಗುಳ್ಳೆಯಿಲ್ಲದೆ ತಿಳಿಯಾದ ಮೇಲೆ 24 ಮಿಲಿಮೀಟರ್ ಒಳವ್ಯಾಸದ ಗಾಜಿನ ಬಳೆಯನ್ನು ಸಮತಟ್ಟಾದ ಗಾಜಿನ ಹಲಗೆಯ ಮೇಲಿಟ್ಟು ಅದರೊಳಗೆ ಹೊಯ್ಯಿರಿ. ಟಿಎಚ್‌ಎಫ್ ನೈಟ್ರೈಲ್ ಗ್ಲೌಸನ್ನು ಬೇಗ ದಾಟುತ್ತದೆ, ಸೋಕಿದರೆ ತಕ್ಷಣ ಬದಲಿಸಿ. ವರ್ಷಗಟ್ಟಲೆ ತೆರೆದಿಟ್ಟ ಬಾಟಲಿಯ ಟಿಎಚ್‌ಎಫ್ ಪೆರಾಕ್ಸೈಡ್ ಕಟ್ಟಿಕೊಂಡಿರುತ್ತದೆ, ಅದನ್ನು ಮುಟ್ಟಬೇಡಿ.

ಒಣಗಿಸುವಾಗಲೇ ಬೆಂಗಳೂರಿನ ಹವೆ ಅಡ್ಡ ಬರುವುದು. ಜೂನ್‌ನಿಂದ ಅಕ್ಟೋಬರ್‌ವರೆಗೆ ಗಾಳಿಯಲ್ಲಿ ತೇವ ಹೆಚ್ಚು. ಟಿಎಚ್‌ಎಫ್ ಬೇಗ ಹಾರಿದರೆ ಪೊರೆಯ ಮೇಲ್ಮೈ ತಣ್ಣಗಾಗಿ, ಗಾಳಿಯ ತೇವ ಅದರ ಮೇಲೆ ಇಬ್ಬನಿ ಕಟ್ಟಿ, ಪೊರೆಯೊಳಗೆ ಸೂಕ್ಷ್ಮ ನೀರಹನಿಗಳು ಸಿಕ್ಕಿಕೊಳ್ಳುತ್ತವೆ. ಪೊರೆ ಹಾಲುಬಿಳಿಯಾಗುತ್ತದೆ. ಅಂಥ ಪೊರೆ ಮೊದಮೊದಲು ಕೆಲಸ ಮಾಡಿದಂತೆ ಕಂಡರೂ ರೀಡಿಂಗ್ ನಿಲ್ಲದೆ ಜಾರುತ್ತದೆ. ಬಳೆಯ ಮೇಲೆ ಫಿಲ್ಟರ್ ಪೇಪರಿನ ನಾಲ್ಕೈದು ಪದರ ಇಟ್ಟು, ಮೇಲೊಂದು ಭಾರ ಹೇರಿ, ಫ್ಯಾನಿನ ಗಾಳಿ ತಾಕದಂತೆ ಎರಡು ದಿನ ಬಿಡಿ. ಮಳೆ ಹಿಡಿದ ದಿನವಾದರೆ ಇಡೀ ಹಲಗೆಯನ್ನು ಒಣ ಸಿಲಿಕಾ ಜೆಲ್ ಇರುವ ದೊಡ್ಡ ಡಬ್ಬಿಯೊಳಗೆ, ಮುಚ್ಚಳ ತುಸು ಸಡಿಲ ಬಿಟ್ಟು, ಹುಡ್‌ನಲ್ಲೇ ಇಡಿ. ಒಳ್ಳೆಯ ಪೊರೆ ಗಾಜಿನಂತೆ ಪಾರದರ್ಶಕ, ಸುಮಾರು 0.4 ಮಿಲಿಮೀಟರ್ ದಪ್ಪ. ಚಿಮುಟದಲ್ಲಿ ಎತ್ತಿದರೆ ರಬ್ಬರಿನಂತೆ ಬಾಗುತ್ತದೆ. ಕಾರ್ಕ್ ಬೋರರ್‌ನಿಂದ 7 ಮಿಲಿಮೀಟರ್ ಬಿಲ್ಲೆಗಳನ್ನು ಕತ್ತರಿಸಿದರೆ ಒಂದು ಎರಕದಲ್ಲಿ ಆರೇಳು ಸಿಗುತ್ತವೆ.

ಎಲೆಕ್ಟ್ರೋಡಿನ ಮೈಗೆ ಸಣ್ಣ ಪಿವಿಸಿ ಕೊಳವೆ ಸಾಕು. ತುದಿಯನ್ನು ನುಣುಪಾಗಿ ಉಜ್ಜಿ, ಅಂಚಿಗೆ ಮಾತ್ರ ಒಂದು ಹನಿ ಟಿಎಚ್‌ಎಫ್ ಸವರಿ, ಬಿಲ್ಲೆಯನ್ನು ಒತ್ತಿ ಹಿಡಿಯಿರಿ. ಪಿವಿಸಿ ಪಿವಿಸಿಗೆ ಬೆಸೆದುಕೊಳ್ಳುತ್ತದೆ. ಹನಿ ನಡುವಿಗೆ ಹರಿದರೆ ಪೊರೆ ತೆಳ್ಳಗಾಗಿ ತೂತು ಬೀಳುತ್ತದೆ. ಒಂದು ದಿನ ಒಣಗಿದ ಮೇಲೆ ಕೊಳವೆಗೆ ನೀರು ತುಂಬಿ ಟಿಶ್ಯೂ ಪೇಪರಿನ ಮೇಲೆ ನಿಲ್ಲಿಸಿ. ಒದ್ದೆ ಕಂಡರೆ ಬಿಲ್ಲೆ ಕಿತ್ತು ಮತ್ತೆ ಅಂಟಿಸಿ.

ಬೆಳ್ಳಿ ತಂತಿ, ರೆಫರೆನ್ಸ್

1 ಮಿಲಿಮೀಟರ್ ಬೆಳ್ಳಿ ತಂತಿ ನಗರ್ತಪೇಟೆಯ ಚಿನ್ನ-ಬೆಳ್ಳಿ ಕೆಲಸದವರ ಬಳಿ ಸಿಗುತ್ತದೆ. 92.5ರ ಬೆಳ್ಳಿ ಬೇಡ, 99.9 ಎಂದೇ ಕೇಳಿ. ತಾಮ್ರ ಸೇರಿದ್ದರೆ ವೋಲ್ಟೇಜ್ ನಿಲ್ಲುವುದಿಲ್ಲ. ಸಣ್ಣ ಎಮರಿ ಪೇಪರಿನಲ್ಲಿ ಉಜ್ಜಿ, ತೊಳೆದು, ತುದಿಯ 2 ಸೆಂಟಿಮೀಟರನ್ನು 0.1 ಮೋಲಾರ್ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಅದ್ದಿ. 1.5 ವೋಲ್ಟ್ ಸೆಲ್ಲಿನ ಪ್ಲಸ್ ತುದಿಯಿಂದ 2.2 ಕಿಲೋಓಮ್ ರೆಸಿಸ್ಟರ್ ಮೂಲಕ ಈ ತಂತಿಗೆ, ಮೈನಸ್‌ನಿಂದ ಇನ್ನೊಂದು ಬೆಳ್ಳಿ ತುಂಡಿಗೆ ಸಂಪರ್ಕ ಕೊಡಿ. ಅರ್ಧ ಗಂಟೆಯಲ್ಲಿ ನೇರಳೆ ಮಿಶ್ರಿತ ಕಂದು ಬಣ್ಣದ ಸಿಲ್ವರ್ ಕ್ಲೋರೈಡ್ ಒಂದೇ ಸಮನಾಗಿ ಕೂರುತ್ತದೆ. ಪಟ್ಟೆಪಟ್ಟೆಯಾಗಿ ಕೂತರೆ ತಂತಿಯಲ್ಲಿ ಜಿಡ್ಡಿತ್ತು ಎಂದರ್ಥ. ಇಂಥ ಎರಡು ತಂತಿ ಬೇಕು.

ಒಂದು ತಂತಿ ಪೊರೆಯ ಕೊಳವೆಯೊಳಗೆ, 0.01 ಮೋಲಾರ್ ಪೊಟ್ಯಾಸಿಯಂ ಕ್ಲೋರೈಡ್‌ನಲ್ಲಿ. ಆ ದ್ರಾವಣಕ್ಕೆ ಮೊದಲೇ ಒಂದು ಹನಿ ಸಿಲ್ವರ್ ನೈಟ್ರೇಟ್ ಬೆರೆಸಿ, ಬಿಳಿ ತಳಕ್ಕಿಳಿದ ಮೇಲೆ ತಿಳಿಯನ್ನಷ್ಟೇ ತುಂಬಿದರೆ ತಂತಿಯ ಲೇಪ ಕರಗುವುದಿಲ್ಲ.

ರೆಫರೆನ್ಸ್ ಎಲೆಕ್ಟ್ರೋಡಿನಲ್ಲೇ, ಅಂದರೆ ಹೋಲಿಕೆಗೆಂದು ವೋಲ್ಟೇಜ್ ಬದಲಾಗದೆ ನಿಲ್ಲುವ ಎರಡನೆಯ ಎಲೆಕ್ಟ್ರೋಡಿನಲ್ಲೇ, ಬಹಳ ಜನ ಎಡವುವುದು. ಲ್ಯಾಬಿನ ಪಿಎಚ್ ಮೀಟರಿನ ರೆಫರೆನ್ಸ್ ಒಳಗೆ 3 ಮೋಲಾರ್ ಪೊಟ್ಯಾಸಿಯಂ ಕ್ಲೋರೈಡ್ ಇರುತ್ತದೆ, ಅದು ಸದಾ ಹನಿಹನಿಯಾಗಿ ಹೊರಗೆ ಸೋರುತ್ತಿರುತ್ತದೆ. ಪೊಟ್ಯಾಸಿಯಂ ಅಳೆಯುವ ಬೀಕರಿಗೆ ಪೊಟ್ಯಾಸಿಯಂ ಸುರಿದಂತೆ. ಅಮೋನಿಯಂ ನೈಟ್ರೇಟ್ ಹಾಕಿದರೂ ಆಗದು, ಅಮೋನಿಯಂ ಅಯಾನು ಗಾತ್ರದಲ್ಲಿ ಪೊಟ್ಯಾಸಿಯಂಗೆ ಹತ್ತಿರವಿದ್ದು ಇದೇ ಉಂಗುರಕ್ಕೆ ಬಂದು ಕೂರುತ್ತದೆ. ಲಿಥಿಯಂ ನೀರನ್ನು ಬಿಟ್ಟು ಉಂಗುರಕ್ಕೆ ಬರಲು ಒಪ್ಪದು. ಹಾಗಾಗಿ ಲಿಥಿಯಂ ಅಸಿಟೇಟ್. ಅದನ್ನೇ ಆರಿಸಲು ಇನ್ನೊಂದು ಕಾರಣವೂ ಇದೆ: ನೀರಿನಲ್ಲಿ ಲಿಥಿಯಂನ ಮೋಲಾರ್ ವಾಹಕತೆ 38.7, ಅಸಿಟೇಟಿನದು 40.9. ಎರಡೂ ಹೆಚ್ಚುಕಡಿಮೆ ಒಂದೇ ವೇಗದಲ್ಲಿ ಚಲಿಸುವುದರಿಂದ ದ್ರಾವಣಗಳು ಸೇರುವ ಗಡಿಯಲ್ಲಿ ವೋಲ್ಟೇಜ್ ಹುಟ್ಟುವುದು ತೀರ ಕಡಿಮೆ. ಲಿಥಿಯಂ ಕ್ಲೋರೈಡಿನಲ್ಲಿ ಕ್ಲೋರೈಡಿನ 76.3 ಲಿಥಿಯಂಗಿಂತ ಎರಡು ಪಟ್ಟು.

ಒಳಗಿನ ಸಣ್ಣ ಕೊಳವೆಯಲ್ಲಿ ಎರಡನೆಯ ಬೆಳ್ಳಿ ತಂತಿ ಮತ್ತು 0.1 ಮೋಲಾರ್ ಲಿಥಿಯಂ ಕ್ಲೋರೈಡ್. ಹೊರಗಿನ ಕೊಳವೆಯಲ್ಲಿ 1 ಮೋಲಾರ್ ಲಿಥಿಯಂ ಅಸಿಟೇಟ್; ಡೈಹೈಡ್ರೇಟ್ ಆದರೆ 100 ಮಿಲಿಲೀಟರಿಗೆ 10.2 ಗ್ರಾಂ. ಎರಡರ ತುದಿಗೂ ಆಯಾ ದ್ರಾವಣದಲ್ಲೇ ಕುದಿಸಿದ ಶೇಕಡಾ 3ರ ಅಗರ್ ಬಿರಡೆ. ಕಿರಾಣಿ ಅಂಗಡಿಯ ಚೈನಾ ಗ್ರಾಸ್ ಕೂಡ ಅಗರ್‌ನದೇ ಎಳೆ, ಆದರೆ ಅದರಲ್ಲಿ ಲವಣಗಳಿರುತ್ತವೆ. ಬಳಸುವುದಾದರೆ ಡಿಅಯಾನೈಸ್ಡ್ ನೀರಿನಲ್ಲಿ ರಾತ್ರಿಯಿಡೀ ನೆನೆಸಿ, ನೀರು ಬಸಿದು, ಆಮೇಲೆ ಕುದಿಸಿ.

ಎಲೆಕ್ಟ್ರಾನಿಕ್ಸ್

ಪೊರೆಯ ರೋಧ ಮೆಗಾಓಮ್‌ಗಳಲ್ಲಿ ಇರುತ್ತದೆ. ಮಲ್ಟಿಮೀಟರ್ ಹಚ್ಚಿದರೆ ಅದರ 10 ಮೆಗಾಓಮ್ ಇನ್‌ಪುಟ್ಟೇ ಸಿಗ್ನಲನ್ನು ಕುಡಿದುಬಿಡುತ್ತದೆ. ಎಸ್‌ಪಿ ರೋಡಿನಲ್ಲಿ ಸಲೀಸಾಗಿ ಸಿಗುವ ಟಿಎಲ್072 ಆಪ್-ಆಂಪ್ ಇಲ್ಲಿ ಬೇಡ. ಅದರ ಬಯಸ್ ಕರೆಂಟ್ (ಇನ್‌ಪುಟ್ ಪಿನ್ನಿನಲ್ಲಿ ಹರಿಯುವ ಸಣ್ಣ ಕರೆಂಟ್) ಸಾಮಾನ್ಯವಾಗಿ 65 ಪಿಕೋಆಂಪಿಯರ್, 10 ಮೆಗಾಓಮ್ ಪೊರೆಯ ಮೇಲೆ ಅದು 0.65 ಮಿಲಿವೋಲ್ಟ್ ಆಗುತ್ತದೆ, ಸೆಕೆ ಏರಿದಂತೆ ಇನ್ನೂ ಏರುತ್ತದೆ. ಮೇಲಾಗಿ 5 ವೋಲ್ಟಿನ ಒಂಟಿ ಸಪ್ಲೈ ಅದಕ್ಕೆ ಸಾಲದು. ಎಲ್‌ಎಂಸಿ6482 ತರಿಸಿ: ಬಯಸ್ ಸಾಮಾನ್ಯವಾಗಿ 0.02 ಪಿಕೋಆಂಪಿಯರ್, 5 ವೋಲ್ಟ್‌ನಲ್ಲಿ ಎರಡೂ ಅಂಚಿನವರೆಗೆ ಓಡುತ್ತದೆ.

ಪಿನ್ 3ಕ್ಕೆ ಪೊರೆಯ ತಂತಿ. ಪಿನ್ 1 ಮತ್ತು 2 ಜೋಡಿಸಿ. ಎರಡು 10 ಕಿಲೋಓಮ್ ರೆಸಿಸ್ಟರ್‌ಗಳ ನಡುವಿನ 2.5 ವೋಲ್ಟನ್ನು 10 ಮೈಕ್ರೋಫ್ಯಾರಡ್ ಜೊತೆ ಪಿನ್ 5ಕ್ಕೆ ಕೊಟ್ಟು, 6 ಮತ್ತು 7 ಜೋಡಿಸಿ, ಪಿನ್ 7ರಿಂದ ರೆಫರೆನ್ಸ್ ಎಲೆಕ್ಟ್ರೋಡಿಗೆ. ಎಡಿಸಿಯಾದ ಎಡಿಎಸ್1115ರ ಎ0ಗೆ ಪಿನ್ 1, ಎ1ಗೆ ಪಿನ್ 7. ಡಿಫರೆನ್ಷಿಯಲ್ ಮೋಡ್, 1.024 ವೋಲ್ಟ್ ರೇಂಜ್. ಒಂದು ಮೆಟ್ಟಿಲು 31 ಮೈಕ್ರೋವೋಲ್ಟ್, ಧಾರಾಳ ಸಾಕು. ಕೋಆಕ್ಸ್ ಕೇಬಲ್ಲಿನ ಶೀಲ್ಡನ್ನು ನೆಲಕ್ಕೆ ಕಟ್ಟದೆ, ಪಿನ್ 1ರಿಂದ 1 ಕಿಲೋಓಮ್ ಮೂಲಕ ಕೊಡಿ; ನಡುತಂತಿಗೂ ಶೀಲ್ಡಿಗೂ ಒಂದೇ ವೋಲ್ಟೇಜ್ ಇದ್ದರೆ ಸೋರಿಕೆಗೆ ದಾರಿಯೇ ಇರುವುದಿಲ್ಲ.

ಪಿನ್ 3ನ್ನು ಬೋರ್ಡಿಗೆ ಬೆಸುಗೆ ಹಾಕಬೇಡಿ, ಗಾಳಿಯಲ್ಲೇ ಎತ್ತಿ ನೇರವಾಗಿ ತಂತಿಗೆ ಬೆಸೆಯಿರಿ. ಬೋರ್ಡಿನ ಮೇಲೆ ಉಳಿದ ಫ್ಲಕ್ಸ್ ಮಳೆಗಾಲದಲ್ಲಿ ತೇವ ಎಳೆದು 10 ಗಿಗಾಓಮ್ ಸೋರಿಕೆ ಕೊಟ್ಟರೂ, 2.5 ವೋಲ್ಟ್ ಅಂತರದಲ್ಲಿ 250 ಪಿಕೋಆಂಪಿಯರ್ ಹರಿದು 10 ಮೆಗಾಓಮ್ ಪೊರೆಯ ಮೇಲೆ 2.5 ಮಿಲಿವೋಲ್ಟ್ ತಪ್ಪು ಬರುತ್ತದೆ. ಸಾಂದ್ರತೆಯ ಲೆಕ್ಕದಲ್ಲಿ ಅದು ಶೇಕಡಾ 10. ಐಸೋಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಬ್ರಷ್ ಹಾಕಿ ತೊಳೆದು ಒಣಗಿಸಿ. ಪರೀಕ್ಷೆಗೆ ಎರಡೂ ಎಲೆಕ್ಟ್ರೋಡ್ ಕಳಚಿ, ಅವುಗಳ ತಂತಿಗಳನ್ನು ಒಮ್ಮೆ ನೇರ ಜೋಡಿಸಿ, ಇನ್ನೊಮ್ಮೆ 10 ಮೆಗಾಓಮ್ ಮೂಲಕ ಜೋಡಿಸಿ. ಎರಡು ರೀಡಿಂಗ್‌ಗಳ ಅಂತರ 0.1 ಮಿಲಿವೋಲ್ಟ್ ದಾಟಬಾರದು.

ಕ್ಯಾಲಿಬ್ರೇಷನ್

ಪೊರೆಯನ್ನು ರಾತ್ರಿಯಿಡೀ 0.01 ಮೋಲಾರ್ ಪೊಟ್ಯಾಸಿಯಂ ಕ್ಲೋರೈಡ್‌ನಲ್ಲಿ ನೆನೆಸಿ. ಬೋರೇಟ್ ಜೊತೆ ಬಂದ ಸೋಡಿಯಂ ಹೊರಬಿದ್ದು ಪೊಟ್ಯಾಸಿಯಂ ಒಳಸೇರಲು ಅಷ್ಟು ಹೊತ್ತು ಬೇಕು. ಒಣಗಿಸಿದ ಪೊಟ್ಯಾಸಿಯಂ ಕ್ಲೋರೈಡ್ 0.7455 ಗ್ರಾಂ ತೂಗಿ 100 ಮಿಲಿಲೀಟರ್ ಮಾಡಿದರೆ 0.1 ಮೋಲಾರ್. ಅಲ್ಲಿಂದ ಹತ್ತು ಪಟ್ಟಿನಂತೆ ತೆಳು ಮಾಡುತ್ತ ಒಂದು ಲಕ್ಷದಲ್ಲಿ ಒಂದು ಮೋಲಾರ್‌ವರೆಗೆ ಇಳಿಯಿರಿ. ಅಳೆಯುವುದು ತೆಳುವಿನಿಂದ ಗಾಢಕ್ಕೆ.

24 ಡಿಗ್ರಿಯಲ್ಲಿ ಹತ್ತು ಪಟ್ಟಿಗೆ 59 ಮಿಲಿವೋಲ್ಟ್ ಬರಬೇಕು. 0.01ರಿಂದ 0.1ಕ್ಕೆ ಏರಿದಾಗ 55 ಮಾತ್ರ ಬಂದರೆ ಎಲೆಕ್ಟ್ರೋಡನ್ನು ದೂರಬೇಡಿ. ಅದು ನೋಡುವುದು ಸಾಂದ್ರತೆಯನ್ನಲ್ಲ, ಆಕ್ಟಿವಿಟಿಯನ್ನು, ಅಂದರೆ ಅಯಾನುಗಳ ಪರಿಣಾಮಕಾರಿ ಸಾಂದ್ರತೆಯನ್ನು. 0.1 ಮೋಲಾರ್‌ನಲ್ಲಿ ಆಕ್ಟಿವಿಟಿ ಗುಣಕ 0.77, 0.01ರಲ್ಲಿ 0.90, ಲೆಕ್ಕ ಹಾಕಿದರೆ 55ಕ್ಕೇ ಬಂದು ನಿಲ್ಲುತ್ತದೆ. ಎಲ್ಲ ದ್ರಾವಣಕ್ಕೂ ಒಂದೇ ಹಿನ್ನೆಲೆಯಾಗಿ 0.1 ಮೋಲಾರ್ ಲಿಥಿಯಂ ಅಸಿಟೇಟ್ ಕೊಟ್ಟರೆ ಗೆರೆ ಬಹುಮಟ್ಟಿಗೆ ನೇರವಾಗುತ್ತದೆ.

ಕೆಟ್ಟಾಗ ಹುಡುಕುವ ಕ್ರಮ ಹೀಗೆ. ರೀಡಿಂಗ್ ಒಂದು ಅಂಚಿಗೆ ಹೋಗಿ ಅಂಟಿಕೊಂಡಿದ್ದರೆ ಪೊರೆಯ ಹಿಂದೆ ಗಾಳಿಗುಳ್ಳೆ ಕೂತಿದೆ. ಜ್ವರದ ಥರ್ಮಾಮೀಟರ್ ಕೊಡವಿದಂತೆ ಕೊಡವಿ. ಯಾವ ದ್ರಾವಣಕ್ಕೂ ರೀಡಿಂಗ್ ಅಲುಗದಿದ್ದರೆ ಪೊರೆಯಲ್ಲಿ ತೂತು ಅಥವಾ ಅಂಟಿನ ಅಂಚಿನಲ್ಲಿ ಸೋರಿಕೆ. ಸ್ಲೋಪ್ 45ರ ಆಸುಪಾಸಿಗೆ ಇಳಿದರೆ ನೆನೆಸಿದ್ದು ಸಾಲದು, ಇಲ್ಲವೇ ಹಳೆಯ ಪೊರೆಯಿಂದ ಕ್ರೌನ್ ಸೋರಿಹೋಗಿದೆ. ಹೊಸ ಬಿಲ್ಲೆ ಹಾಕಿ. ತೆಳು ದ್ರಾವಣಗಳಲ್ಲಿ ಮಾತ್ರ ಗೆರೆ ಬೇಗ ಮಲಗಿದರೆ ನೀರನ್ನು ಅನುಮಾನಿಸಿ. ಪೆಟ್ರೋಲ್ ಬಂಕಿನ ಬ್ಯಾಟರಿ ನೀರು ಕೆಲವೊಮ್ಮೆ ಚೆನ್ನಾಗಿರುತ್ತದೆ, ಕೆಲವೊಮ್ಮೆ ಇಲ್ಲ. ಕೇಬಲ್ ಮುಟ್ಟಿದರೆ ಅಂಕೆ ಕುಣಿದರೆ ಕೇಬಲ್ಲನ್ನು ಸ್ಟ್ಯಾಂಡಿಗೆ ಟೇಪ್ ಹಾಕಿ ಕಟ್ಟಿ, ಲ್ಯಾಪ್‌ಟಾಪ್ ಚಾರ್ಜರ್ ಕಿತ್ತುಬಿಡಿ.

ಎಳನೀರು, ಬೋರ್‌ವೆಲ್ ನೀರು

ಎಳನೀರು ಸೋಸಿ, 5 ಮಿಲಿಲೀಟರನ್ನು ಲಿಥಿಯಂ ಅಸಿಟೇಟ್ ಹಿನ್ನೆಲೆಯೊಡನೆ 100 ಮಿಲಿಲೀಟರಿಗೆ ತೆಳು ಮಾಡಿ. ಅದರಲ್ಲಿ 50 ಮಿಲಿಲೀಟರ್ ಬೀಕರಿಗೆ ಹಾಕಿ ಮಿಲಿವೋಲ್ಟ್ ಬರೆದುಕೊಳ್ಳಿ. ಅದೇ ಹಿನ್ನೆಲೆಯಿರುವ 0.1 ಮೋಲಾರ್ ಪೊಟ್ಯಾಸಿಯಂ ಕ್ಲೋರೈಡ್ 5 ಮಿಲಿಲೀಟರ್ ಸೇರಿಸಿ ಮತ್ತೆ ಓದಿ. ಏರಿಕೆಯನ್ನು ನಿಮ್ಮ ಸ್ಲೋಪಿನಿಂದ ಭಾಗಿಸಿ, 10ರ ಘಾತಕ್ಕೇರಿಸಿ, 55ರಿಂದ ಗುಣಿಸಿ, 50 ಕಳೆಯಿರಿ, 0.5ನ್ನು ಆ ಸಂಖ್ಯೆಯಿಂದ ಭಾಗಿಸಿದರೆ ಬೀಕರಿನ ಮೋಲಾರಿಟಿ. ಉದಾಹರಣೆಗೆ ಸ್ಲೋಪ್ 57, ಏರಿಕೆ 35.3 ಮಿಲಿವೋಲ್ಟ್ ಅಂದುಕೊಳ್ಳಿ. ಉತ್ತರ 0.0028, 20 ಪಟ್ಟು ಮಾಡಿ 39.1ರಿಂದ ಗುಣಿಸಿದರೆ ಲೀಟರಿಗೆ ಸುಮಾರು 2.2 ಗ್ರಾಂ. 5ರ ಬದಲು 1 ಮಿಲಿಲೀಟರ್ ಮಾತ್ರ ಸೇರಿಸಿದರೆ ಏರಿಕೆ 13 ಮಿಲಿವೋಲ್ಟ್‌ಗೆ ಇಳಿಯುತ್ತದೆ, ಆಗ 1 ಮಿಲಿವೋಲ್ಟ್ ತಪ್ಪು ಉತ್ತರದಲ್ಲಿ ಶೇಕಡಾ 10 ಆಗುತ್ತದೆ. 5 ಮಿಲಿಲೀಟರ್ ಸೇರಿಸಿದಾಗ ಅದೇ ತಪ್ಪು ಶೇಕಡಾ 5.

ಇದೇ ಎಲೆಕ್ಟ್ರೋಡನ್ನು ಬೋರ್‌ವೆಲ್ ನೀರಿಗೆ ಅದ್ದುವ ಆಸೆ ಬಂದೇ ಬರುತ್ತದೆ. ಈ ಪೊರೆ ಸೋಡಿಯಂ ಅನ್ನು ಪೊಟ್ಯಾಸಿಯಂನ ಸುಮಾರು ನೂರರಲ್ಲಿ ಒಂದು ಪಾಲಾಗಿ ಎಣಿಸುತ್ತದೆ ಎಂದಿಟ್ಟುಕೊಳ್ಳಿ. ಲೀಟರಿಗೆ 115 ಮಿಲಿಗ್ರಾಂ ಸೋಡಿಯಂ ಇರುವ ನೀರಿನಲ್ಲಿ 2 ಮಿಲಿಗ್ರಾಂ ಪೊಟ್ಯಾಸಿಯಂ ಸುಳ್ಳಾಗಿ ಕಾಣುತ್ತದೆ. ನಿಜವಾದ ಪೊಟ್ಯಾಸಿಯಂ 4 ಮಿಲಿಗ್ರಾಂ ಇದ್ದರೆ ಅರ್ಧದಷ್ಟು ಹೆಚ್ಚು ತೋರಿಸಿದಂತಾಯಿತು. ಎಳನೀರಿನಲ್ಲಿ ಈ ತಪ್ಪು ಲೆಕ್ಕಕ್ಕೇ ಬಾರದು, ಬೋರ್‌ವೆಲ್ ನೀರಿನಲ್ಲಿ ಅದು ಉತ್ತರವನ್ನೇ ಕೆಡಿಸುತ್ತದೆ. ಆ ಕೆಲಸಕ್ಕೆ ಇದೇ ಪಾಕದಲ್ಲಿ ಕ್ರೌನ್ ಬದಲು ವ್ಯಾಲಿನೊಮೈಸಿನ್ (ಪೊಟ್ಯಾಸಿಯಂ ಹಿಡಿಯುವ ಇನ್ನೊಂದು ಉಂಗುರದ ಅಣು) 2 ಮಿಲಿಗ್ರಾಂ ಹಾಕಿ, ಅಣುತೂಕ ಹೆಚ್ಚಿರುವುದರಿಂದ ಬೋರೇಟನ್ನು 0.3 ಮಿಲಿಗ್ರಾಂಗೆ ಇಳಿಸಿ. ಅದರ ಆಯ್ಕೆ ಹತ್ತು ಸಾವಿರಕ್ಕೆ ಒಂದರ ಮಟ್ಟದ್ದು. ವಿಷ ಮಾತ್ರ ಕಡುವಿಷ. ತೂಗುವಾಗ ಮಾಸ್ಕ್, ಗ್ಲೌಸ್ ಎರಡೂ ಇರಲಿ, ತಕ್ಕಡಿಯ ಸುತ್ತ ಪುಡಿ ಹಾರದಂತೆ ನೋಡಿಕೊಳ್ಳಿ.